ಲಾಜರ ಮತ್ತೆ ಸತ್ತನಲ್ಲ, ಹಾಗಾದರೆ ಎಬ್ಬಿಸಿದ್ದು ಯಾಕೆ?

ಮಳೆಮನೆ:
ಇದನ್ನು ಎಲ್ಲಿ ಕೇಳಬೇಕೋ ಗೊತ್ತಾಗಲಿಲ್ಲ, ಅದಕ್ಕೆ ಇಲ್ಲಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಯಿತು, ಬೇಜಾರು ಮಾಡಿಕೊಳ್ಳಬೇಡಿ.

ಅಪ್ಪ ತೀರಿಕೊಂಡು ಎರಡು ತಿಂಗಳಾಯಿತು. ಕಿಡ್ನಿ ತೊಂದರೆ. ಕೊನೆಯ ವಾರ ಐಸಿಯುನಲ್ಲಿದ್ದರು. ನಾವು ಕಥೋಲಿಕರು. ಭಾನುವಾರ ಪೂಜೆಗೆ ಹೋಗುತ್ತೇವೆ, ಅದು ಬಿಟ್ಟರೆ ಅಂಥ ಭಕ್ತರೇನಲ್ಲ. ಆ ವಾರ ನಮ್ಮ ಬೀದಿಯವರೊಬ್ಬರು ತಮ್ಮ ಪ್ರಾರ್ಥನಾ ಗುಂಪನ್ನು ಆಸ್ಪತ್ರೆಗೆ ಕರೆದುಕೊಂಡು ಬಂದರು. ಕಾರಿಡಾರಿನಲ್ಲಿ ನಿಂತು ಜೋರಾಗಿ ಪ್ರಾರ್ಥನೆ ಮಾಡಿದರು. ಲಾಜರನನ್ನು (ಸತ್ತು ಗೋರಿ ಸೇರಿದ ಮೇಲೆ ಯೇಸು ಎಬ್ಬಿಸಿದ ಬೈಬಲ್ಲಿನ ಮನುಷ್ಯ) ಎಬ್ಬಿಸಿದ ದೇವರು ಇವರನ್ನೂ ಎಬ್ಬಿಸುತ್ತಾನೆ, ಮೂರು ದಿನದಲ್ಲಿ ಮನೆಗೆ ನಡೆದುಕೊಂಡು ಬರುತ್ತಾರೆ ಎಂದರು. ಅಮ್ಮ ಆ ಮಾತನ್ನು ಬಿಗಿಯಾಗಿ ಹಿಡಿದುಕೊಂಡಳು. ಮೂರನೇ ದಿನ ಬೆಳಗಿನ ಜಾವ ಅಪ್ಪ ಹೋದರು.

ಮಣ್ಣು ಮಾಡಿದ ಮರುದಿನ ಆ ಗುಂಪಿನ ಹೆಂಗಸೊಬ್ಬರು ಮನೆಗೆ ಬಂದರು. ಅಮ್ಮನ ಪಕ್ಕ ಕೂತು, "ಈ ಮನೆಯಲ್ಲಿ ಯಾರದೋ ನಂಬಿಕೆ ಸಾಲಲಿಲ್ಲ" ಎಂದರು. ಯಾರದೋ ಅಂದರೆ ನನ್ನದೇ. ಅವರು ಪ್ರಾರ್ಥನೆ ಮಾಡುತ್ತಿದ್ದಾಗ ಮೂಲೆಯಲ್ಲಿ ಬಿಲ್ಲಿನ ಲೆಕ್ಕ ಹಾಕುತ್ತಾ ಕೂತಿದ್ದವಳು ನಾನು.

ಫಾದರ್ ಅಂತ್ಯಕ್ರಿಯೆಯ ಪೂಜೆಯಲ್ಲಿ ಓದಿದ್ದೂ ಅದೇ ಲಾಜರನ ಭಾಗ. ಪೆಟ್ಟಿಗೆ ಎದುರಿಗೇ ಇತ್ತು. ಅವತ್ತಿನಿಂದ ಎರಡು ಪ್ರಶ್ನೆ ತಲೆ ತಿನ್ನುತ್ತಿವೆ. ಲಾಜರನಿಗೆ ಸಿಕ್ಕಿದ್ದು ಅಪ್ಪನಿಗೆ ಯಾಕೆ ಸಿಗಲಿಲ್ಲ? ಎರಡನೆಯದು, ಲಾಜರ ಈಗ ಎಲ್ಲೂ ಓಡಾಡಿಕೊಂಡಿಲ್ಲವಲ್ಲ. ಅಂದರೆ ಅವನೂ ಮತ್ತೆ ಸತ್ತ. ಮತ್ತೆ ಸಾಯುವವನನ್ನು ಎಬ್ಬಿಸಿ ಏನು ತೋರಿಸಿದ ಹಾಗಾಯಿತು?

ಇನ್ನೊಂದು, ಸುಮ್ನೆ ಹೇಳುತ್ತಿದ್ದೇನೆ. ಪೆಟ್ಟಿಗೆ ಮುಚ್ಚುವ ಮುಂಚೆ ಅಮ್ಮ ಅಪ್ಪನ ಕನ್ನಡಕವನ್ನು ಅವರ ಅಂಗಿ ಜೇಬಿಗೆ ಹಾಕಿದಳು. "ಎದ್ದಾಗ ಕಣ್ಣು ಕಾಣಬೇಕಲ್ಲ" ಎಂದಳು. ತಮ್ಮ ನಕ್ಕುಬಿಟ್ಟ. ನನಗೆ ನಗು ಬರಲಿಲ್ಲ.

ಗಂಟೆಕಂಬ:
ಮೊದಲು, ನಿಮ್ಮ ಅಪ್ಪನಿಗೆ ನಿತ್ಯ ವಿಶ್ರಾಂತಿ ಸಿಗಲಿ. ನಾನು ಪಾದ್ರಿಯಲ್ಲ. ಮಂಗಳೂರು ಕಡೆಯ ಒಂದು ಚರ್ಚಿನಲ್ಲಿ ಇಪ್ಪತ್ತೈದು ವರ್ಷದಿಂದ ಮಕ್ಕಳಿಗೆ ಧರ್ಮಪಾಠ ಹೇಳಿಕೊಡುತ್ತಿದ್ದೇನೆ. ಈ ಭಾಗವನ್ನು ಎಷ್ಟು ಸಲ ಓದಿದ್ದೇನೋ ಲೆಕ್ಕ ಇಲ್ಲ.

ಯೊವಾನ್ನರ ಶುಭಸಂದೇಶದ 11ನೇ ಅಧ್ಯಾಯವನ್ನು ಒಮ್ಮೆ ನಿಧಾನವಾಗಿ ಓದಿ. ಲಾಜರ ಕಾಯಿಲೆ ಬಿದ್ದಾಗ ಅಕ್ಕಂದಿರಾದ ಮಾರ್ಥ, ಮರಿಯ ಯೇಸುಸ್ವಾಮಿಗೆ ಹೇಳಿಕಳಿಸುತ್ತಾರೆ. ಅವರು ತಕ್ಷಣ ಹೊರಡುವುದಿಲ್ಲ. ಇದ್ದಲ್ಲೇ ಇನ್ನೂ ಎರಡು ದಿನ ಇರುತ್ತಾರೆ. ಲಾಜರನ ಊರು ಬೇಥಾನ್ಯ ಮುಟ್ಟುವ ಹೊತ್ತಿಗೆ ಹೆಣ ಗವಿಗೆ ಸೇರಿ ನಾಲ್ಕು ದಿನ ಆಗಿದೆ. ಮಾರ್ಥ ಊರ ಹೊರಗೇ ಎದುರಾಗಿ ಹೇಳುವ ಮೊದಲ ಮಾತು: ನೀವು ಇಲ್ಲಿದ್ದಿದ್ದರೆ ನನ್ನ ತಮ್ಮ ಸಾಯುತ್ತಿರಲಿಲ್ಲ. ಸ್ವಲ್ಪ ಹೊತ್ತಿಗೆ ಮರಿಯ ಬರುತ್ತಾಳೆ. ಅವಳದೂ ಅದೇ ಮಾತು. ಇಬ್ಬರೂ ಬೇರೆ ಬೇರೆ ಹೊತ್ತಿಗೆ ಬಂದು ಒಂದೇ ವಾಕ್ಯ ಹೇಳುತ್ತಾರೆ ಅಂದರೆ ಏನರ್ಥ? ನಾಲ್ಕು ದಿನ ಆ ಮನೆಯಲ್ಲಿ ಅದೇ ಮಾತು ಓಡಾಡಿದೆ. "ಅವರು ಬಂದಿದ್ದರೆ…" ಸಾವಿನ ಮನೆಗೆ ಹೋಗಿಬಂದವರಿಗೆ ಈ ಮಾತು ಗೊತ್ತು. ಬೇರೆ ಆಸ್ಪತ್ರೆಗೆ ಹಾಕಿದ್ದರೆ, ಒಂದು ದಿನ ಮುಂಚೆ ಕರೆದುಕೊಂಡು ಹೋಗಿದ್ದರೆ, ಇದೇ ತಾನೆ?

ಈ ದೂರಿಗೆ ಯೇಸುಸ್ವಾಮಿ ನಿಮ್ಮ ನಂಬಿಕೆ ಸಾಲದು ಎಂದು ಬೈದರಾ? ಇಲ್ಲ. ಕಲ್ಲು ಸರಿಸಿ ಅಂದಾಗಲೂ ಮಾರ್ಥ ತಡೆಯುತ್ತಾಳೆ: ನಾಲ್ಕು ದಿನ ಆಗಿದೆ, ನಾತ ಬರುತ್ತಿದೆ. ಪವಾಡಕ್ಕೆ ಒಂದು ನಿಮಿಷ ಮುಂಚೆ ಅವಳ ತಲೆಯಲ್ಲಿರುವುದು ನಾತ. ನೀವು ಬಿಲ್ಲಿನ ಲೆಕ್ಕ ಹಾಕುತ್ತಿದ್ದಿರಿ, ಅವಳು ನಾತದ ಲೆಕ್ಕ ಹಾಕುತ್ತಿದ್ದಳು. ಆದರೂ ಅವಳ ತಮ್ಮ ಎದ್ದು ಬಂದ. ಆ ಹೆಂಗಸು ನಿಮ್ಮ ಅಮ್ಮನಿಗೆ ಹೇಳಿದ ಮಾತಿಗೆ ಈ ಅಧ್ಯಾಯದಲ್ಲಂತೂ ಜಾಗ ಇಲ್ಲ.

ಜೀವಜಲ:
ನಾನು ಪೆಂತೆಕೋಸ್ತ್ ಸಭೆಗೆ ಹೋಗುವವನು. ಮಳೆಮನೆ ಅಕ್ಕ, ನಿಮಗೆ ಆದದ್ದು ತಪ್ಪು. ಅದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೆ ಗಂಟೆಕಂಬ ಸರ್, ನಂಬಿಕೆಗೆ ಏನೂ ಕೆಲಸ ಇಲ್ಲ ಅನ್ನುವ ಹಾಗೆ ಬರೆಯಬೇಡಿ. ಯಾಯೀರನ ಮಗಳ ಕಥೆ ಇದೆ ಅಲ್ವಾ? ಹನ್ನೆರಡು ವರ್ಷದ ಹುಡುಗಿ. ದಾರಿಯಲ್ಲೇ ಸುದ್ದಿ ಬರುತ್ತದೆ, ಮಗಳು ಸತ್ತಳು, ಇನ್ನು ಬೋಧಕನಿಗೆ ತೊಂದರೆ ಯಾಕೆ ಎಂದು. ಆಗ ಯೇಸು ಅಪ್ಪನಿಗೆ ಹೇಳುವುದು: ಹೆದರಬೇಡ, ನಂಬಿಕೆ ಮಾತ್ರ ಇರಲಿ. ಮನೆಯಲ್ಲಿ ನಕ್ಕವರನ್ನೆಲ್ಲ ಹೊರಗೆ ಕಳಿಸುತ್ತಾನೆ. ಹಾಗಾದರೆ ನಂಬದವರು ಒಳಗಿದ್ದರೆ ತೊಂದರೆ ಅಂತಲೇ ತಾನೆ?

ನನ್ನ ಅಣ್ಣನೂ ವೆಂಟಿಲೇಟರಿನ ಮೇಲಿದ್ದ. ಸಭೆಯವರು ಎರಡು ರಾತ್ರಿ ಪ್ರಾರ್ಥನೆ ಮಾಡಿದರು, ಅವನು ಬದುಕಿದ. ಅದು ನನಗೆ ಸುಳ್ಳಾಗುವುದಿಲ್ಲ.

ಧಾರವಾಡ_ಫೇಡಾ:
ಜೀವಜಲ ಅಣ್ಣ, ನಿಮ್ಮ ಅಣ್ಣ ಬದುಕಿದ್ದು ಸಂತೋಷ. ಯಾರೂ ಅದನ್ನು ಕಿತ್ತುಕೊಳ್ಳುತ್ತಿಲ್ಲ. ಆದರೆ ಬೈಬಲ್ಲಿನಲ್ಲಿರುವ ಉಳಿದ ಕಥೆಗಳನ್ನೂ ಸ್ವಲ್ಪ ಜೊತೆಗಿಟ್ಟು ನೋಡಿ. ನಮ್ಮದು ಬಾಸೆಲ್ ಮಿಷನ್ ಕಾಲದ ಮನೆತನ. ನಮ್ಮಜ್ಜಿ ಓದು ಬಾರದಿದ್ದರೂ ಇವನ್ನೆಲ್ಲ ಬಾಯಿಪಾಠ ಹೇಳುತ್ತಿದ್ದರು.

ನಾಯಿನ್ ಊರಿನ ವಿಧವೆ ಏನನ್ನೂ ಕೇಳಲೇ ಇಲ್ಲ. ಒಬ್ಬನೇ ಮಗನ ಹೆಣದ ಹಿಂದೆ ಅಳುತ್ತಾ ಹೋಗುತ್ತಿದ್ದಳು. ಯೇಸುವೇ ಕರುಣೆಪಟ್ಟು ಚಟ್ಟ ಮುಟ್ಟಿದನು. ಅಲ್ಲಿ ಯಾರ ನಂಬಿಕೆ ಅಳೆದರು? ತ್ರೋವ ಎಂಬ ಊರಿನಲ್ಲಿ ಅಪೊಸ್ತಲ ಪೌಲನ ಉಪದೇಶ ಉದ್ದವಾಗಿ, ಯೂತಿಖ ಎಂಬ ಹುಡುಗ ಕಿಟಕಿಯಲ್ಲಿ ಕೂತು ತೂಕಡಿಸಿ ಮೂರನೇ ಅಂತಸ್ತಿನಿಂದ ಬಿದ್ದು ಸತ್ತ. ಅವನನ್ನೂ ಎಬ್ಬಿಸಿದರು. ಪ್ರಸಂಗದಲ್ಲಿ ನಿದ್ದೆ ಮಾಡಿದವನ ನಂಬಿಕೆ ಎಷ್ಟಿತ್ತು ಅಂತ ನೀವೇ ಹೇಳಿ. (ನಮ್ಮ ಅಯ್ಯನವರ ಪ್ರಸಂಗ ನಲವತ್ತು ನಿಮಿಷ ದಾಟಿದಾಗಲೆಲ್ಲ ನನಗೆ ಈ ಹುಡುಗನ ನೆನಪು.)

ಈಗ ಉಲ್ಟಾ ನೋಡಿ. ಅಪೊಸ್ತಲರ ಕೃತ್ಯಗಳು 12ನೇ ಅಧ್ಯಾಯ. ಹೆರೋದ ರಾಜ ಯೇಸುವಿನ ಶಿಷ್ಯ ಯಾಕೋಬನನ್ನು ಕತ್ತಿಯಿಂದ ಕೊಲ್ಲಿಸುತ್ತಾನೆ. ಅದೇ ಅಧ್ಯಾಯದಲ್ಲಿ ಇನ್ನೊಬ್ಬ ಶಿಷ್ಯ ಪೇತ್ರನನ್ನು ದೇವದೂತ ಜೈಲಿನಿಂದ ಬಿಡಿಸುತ್ತಾನೆ. ಅದೇ ಸಭೆ, ಅದೇ ಜನ. ಒಬ್ಬ ಸತ್ತ, ಒಬ್ಬ ಉಳಿದ. ಯಾಕೆ ಎಂದು ಆ ಪುಸ್ತಕ ಬರೆದ ಲೂಕ ಒಂದು ಸಾಲೂ ಬರೆಯುವುದಿಲ್ಲ. ಸ್ತೆಫನನನ್ನು ಕಲ್ಲೆಸೆದು ಕೊಂದಾಗ ಭಕ್ತರು ಅವನನ್ನು ಹೂಳಿಟ್ಟು ಬಹಳ ಗೋಳಾಡಿದರು. ಎಬ್ಬಿಸಲು ನೋಡಿದರು ಅಂತ ಎಲ್ಲೂ ಇಲ್ಲ.

ಎಲ್ಲಕ್ಕಿಂತ ನನಗೆ ಇಷ್ಟವಾದದ್ದು ಪ್ರವಾದಿ ಎಲೀಷನ ಕಥೆ. ಶೂನೇಮಿನ ಹೆಂಗಸಿನ ಸತ್ತ ಮಗುವನ್ನು ಎಬ್ಬಿಸಿದವನು ಅವನು. ಮಗು ಏಳು ಸಲ ಸೀನಿ ಕಣ್ಣು ಬಿಟ್ಟಿತಂತೆ. ಅಂಥ ಎಲೀಷ ಕೊನೆಗೆ ಕಾಯಿಲೆ ಬಿದ್ದೇ ಸತ್ತ. ಸತ್ತ ಮೇಲೆ ಯಾರೋ ಗಡಿಬಿಡಿಯಲ್ಲಿ ಇನ್ನೊಂದು ಹೆಣವನ್ನು ಅವನ ಗೋರಿಗೆ ಎಸೆದರು. ಅದು ಎಲುಬು ತಾಗಿ ಎದ್ದು ನಿಂತಿತು. ಎಲೀಷ ಮಾತ್ರ ಏಳಲಿಲ್ಲ! ನಂಬಿಕೆ ಸಾಲದೆ ಸತ್ತ ಅಂತ ಅವನ ಬಗ್ಗೆ ಹೇಳುವ ಧೈರ್ಯ ಯಾರಿಗಿದೆ?

ಅರ್ಧನಾಸ್ತಿಕ:
ಎಲ್ಲರೂ ಕಥೆಯ ಒಳಗೇ ಸುತ್ತುತ್ತಿದ್ದೀರಿ. ಹೊರಗಿನಿಂದ ಒಂದು ಮಾತು. ಲಾಜರನ ಈ ಪ್ರಸಂಗ ಯೇಸುವಿನ ಕಥೆ ಹೇಳುವ ನಾಲ್ಕು ಸುವಾರ್ತೆಗಳಲ್ಲಿ ಯೋಹಾನನದರಲ್ಲಿ ಮಾತ್ರ ಇದೆ. ಇಡೀ ಊರು ನೋಡಿದ ಇಷ್ಟು ದೊಡ್ಡ ಘಟನೆಯನ್ನು ಮತ್ತಾಯ, ಮಾರ್ಕ, ಲೂಕ ಮೂವರೂ ಬಿಟ್ಟರಾ? ಲೂಕನಲ್ಲಿ ಲಾಜರ ಎಂಬ ಹೆಸರು ಬರುವುದು ಒಂದು ಸಾಮ್ಯದಲ್ಲಿ (ಯೇಸು ಹೇಳಿದ ನೀತಿಕಥೆ), ಶ್ರೀಮಂತನ ಬಾಗಿಲಲ್ಲಿ ಬಿದ್ದಿದ್ದ ಭಿಕ್ಷುಕನಿಗೆ. ಆ ಕಥೆಯ ಕೊನೆ ನೋಡಿ: ಸತ್ತವನೊಬ್ಬ ಎದ್ದು ಬಂದರೂ ಇವರು ನಂಬುವುದಿಲ್ಲ. ಆ ಸಾಮ್ಯವೇ ಬೆಳೆದು ಈ ಘಟನೆ ಆಗಿರಬಹುದು ಎಂದು ಯೋಚಿಸಿದವರಿದ್ದಾರೆ.

ಮಳೆಮನೆ ಅವರೇ, ನಿಮ್ಮ ಅಪ್ಪನಿಗೆ ಯಾಕೆ ಸಿಗಲಿಲ್ಲ ಅಂದರೆ, ಯಾರಿಗೂ ಸಿಗುವುದಿಲ್ಲ. ಇದನ್ನು ಒರಟಾಗಿ ಹೇಳುತ್ತಿಲ್ಲ. ನನ್ನ ತಾಯಿ ಹೋದಾಗ ನನಗೆ ಸಮಾಧಾನ ಕೊಟ್ಟದ್ದು ಇದೇ ಮಾತು.

ಜೀವಜಲ:
ನಿಮ್ಮಂಥವರಿಗೆ ಎಲ್ಲ ಕಟ್ಟುಕಥೆ. ದೇವರ ವಾಕ್ಯವನ್ನು

(ಉಳಿದ ಸಾಲುಗಳನ್ನು ತೆಗೆಯಲಾಗಿದೆ)

ನಿರ್ವಾಹಕ:
ಇದು ಸಾವಿನ ಮನೆಯ ಪ್ರಶ್ನೆ. ದನಿ ಸ್ವಲ್ಪ ಇಳಿಸಿ ಮಾತಾಡೋಣ. ಅರ್ಧನಾಸ್ತಿಕ ಹೇಳಿದ್ದರಲ್ಲಿ ನಿಯಮ ಮೀರಿದ್ದು ಏನೂ ಇಲ್ಲ.

ಬಸವನಗುಡಿ_ಬೆಂಚು:
ನಾನು ಕ್ರೈಸ್ತನಲ್ಲ. ಸಂಜೆ ಹೊತ್ತು ಪಾರ್ಕಿನಲ್ಲಿ ಕೂತು ಇದನ್ನೆಲ್ಲ ಓದುವ ನಿವೃತ್ತ. ಮೊದಲಿಗೆ ಒಂದು ಸಣ್ಣ ಸಂದೇಹ. ಒಬ್ಬರು ಯೊವಾನ್ನ ಅನ್ನುತ್ತೀರಿ, ಇನ್ನೊಬ್ಬರು ಯೋಹಾನ ಅನ್ನುತ್ತೀರಿ. ಇಬ್ಬರೂ ಒಬ್ಬರೇನಾ?

ನಮ್ಮ ಕಡೆ ಸಾವನ್ನು ಗೆದ್ದವರೆಂದರೆ ಸಾವಿತ್ರಿ, ಮಾರ್ಕಂಡೇಯ. ಸಾವಿತ್ರಿ ಯಮನ ಹಿಂದೆ ನಡೆದು, ಮಾತಿನಲ್ಲೇ ಅವನನ್ನು ಕಟ್ಟಿಹಾಕಿ ಗಂಡನನ್ನು ಬಿಡಿಸಿಕೊಂಡು ಬಂದಳು. ಅಲ್ಲಿ ಯಮ ದುಷ್ಟನಲ್ಲ. ಅವನ ಹೆಸರೇ ಧರ್ಮರಾಜ. ಅವನದೊಂದು ಕೆಲಸ, ಒಂದು ಲೆಕ್ಕ. ನಿಮ್ಮಲ್ಲಿ ಸಾವಿಗೆ ಹೀಗೊಬ್ಬ ಅಧಿಕಾರಿ ಇದ್ದಾನೆಯೇ? ಇನ್ನೊಂದು, ಪುನರುತ್ಥಾನ ಅಂದರೆ ಪುನರ್ಜನ್ಮದಂಥದ್ದೇ ಎಂದು ನಾನು ಇಷ್ಟು ದಿನ ತಿಳಿದಿದ್ದೆ. ಅಲ್ವಾ?

ಗ್ರೀಕ್_ಮರೆತವ:
ಬೆಂಚು ಸರ್, ಯೊವಾನ್ನ ಯೋಹಾನ ಒಬ್ಬನೇ. ಕಥೋಲಿಕರ ಅನುವಾದ ಬೇರೆ, ಪ್ರೊಟೆಸ್ಟಂಟರದು ಬೇರೆ, ಅಷ್ಟೇ. ನಾನು ಹಿಂದೆ ದೇವಶಾಸ್ತ್ರ ಓದಲು ಹೋಗಿ ಅರ್ಧಕ್ಕೆ ಬಿಟ್ಟವನು. ಈಗ ಟೈಲ್ಸ್ ವ್ಯಾಪಾರ. ಕಲಿತದ್ದು ಅಲ್ಪಸ್ವಲ್ಪ ಉಳಿದಿದೆ.

ನಿಮ್ಮ ಎರಡನೇ ಪ್ರಶ್ನೆಗೆ ನಿಮ್ಮ ಕ್ಯಾಲೆಂಡರಿನಲ್ಲೇ ಉತ್ತರ ಇದೆ. ತುಳಸಿ ಹಬ್ಬಕ್ಕೆ ಉತ್ಥಾನ ದ್ವಾದಶಿ ಅನ್ನುತ್ತೀರಲ್ಲ, ವಿಷ್ಣು ನಿದ್ದೆಯಿಂದ ಏಳುವ ದಿನ. ಅದೇ ಉತ್ಥಾನ ಇದು. ಏಳುವುದು. ಪುನರ್ಜನ್ಮದಲ್ಲಿ ಆತ್ಮ ಹಳೇ ಬಟ್ಟೆ ಬಿಟ್ಟು ಹೊಸದು ತೊಡುತ್ತದೆ. ಇಲ್ಲಿ ಹಾಗಲ್ಲ, ಮಲಗಿದವನೇ ಏಳಬೇಕು. ಅದೇ ಮನುಷ್ಯ, ಅದೇ ಹೆಸರು. ಅದಕ್ಕೇ ಕ್ರೈಸ್ತರು ದೇಹವನ್ನು ಅಷ್ಟು ಜೋಪಾನ ಮಾಡುವುದು. ಮಳೆಮನೆ ಅವರ ಅಮ್ಮ ಕನ್ನಡಕ ಇಟ್ಟದ್ದು ಪೆದ್ದುತನ ಅಂತ ನನಗೆ ಅನಿಸಲಿಲ್ಲ. ಪುನರುತ್ಥಾನ ಅಂದರೇನು ಅಂತ ಆ ತಾಯಿಗೆ ನಮಗಿಂತ ಚೆನ್ನಾಗಿ ಗೊತ್ತು.

ಯಮನ ವಿಷಯ. ಇಸ್ತಾಂಬುಲಿನಲ್ಲಿ ಖೋರಾ ಅಂತ ಒಂದು ಹಳೇ ಚರ್ಚು ಇದೆ, ಈಗ ಮಸೀದಿ. ಅದರ ಪಕ್ಕದ ಚಾಪೆಲ್ ಸಮಾಧಿಗಳಿಗಾಗಿಯೇ ಕಟ್ಟಿದ್ದು. ಅಲ್ಲಿ 14ನೇ ಶತಮಾನದ ಆರಂಭದ ಒಂದು ಭಿತ್ತಿಚಿತ್ರ ಇದೆ. ಬಿಳಿ ಬಟ್ಟೆ ತೊಟ್ಟ ಕ್ರಿಸ್ತ ಪಾತಾಳದ ಬಾಗಿಲು ಮುರಿದು ಅದರ ಮೇಲೆ ನಿಂತಿದ್ದಾನೆ. ಕಾಲ ಕೆಳಗೆ ಬೀಗ, ಕೀಲಿ, ಚಿಲಕದ ಚೂರುಗಳು ಚೆಲ್ಲಾಪಿಲ್ಲಿ. ಅವುಗಳ ನಡುವೆ ಕೈಕಾಲು ಕಟ್ಟಿದ ಒಬ್ಬ ಕಪ್ಪು ಮನುಷ್ಯ ಬಿದ್ದಿದ್ದಾನೆ. ನೀವು ಕೇಳಿದ ಅಧಿಕಾರಿ ಅವನೇ ಅನ್ನಿ. ಅವನ ಜೊತೆ ಮಾತುಕತೆ ಇಲ್ಲ, ವರ ಕೇಳುವುದಿಲ್ಲ. ಪೌಲ ಸಾವನ್ನು ಕರೆಯುವುದು ಕೊನೆಯ ಶತ್ರು ಎಂದು. ನಿಮ್ಮಲ್ಲಿ ಸಾವು ಧರ್ಮದ ಒಳಗಿದೆ. ಇಲ್ಲಿ ಅದು ಮನೆಗೆ ನುಗ್ಗಿದ ಕಳ್ಳ. ದೊಡ್ಡ ವ್ಯತ್ಯಾಸ ಇರುವುದು ಇಲ್ಲೇ ಅಂತ ನನ್ನ ಅನಿಸಿಕೆ.

ಆ ಚಿತ್ರದಲ್ಲಿ ಇನ್ನೊಂದು ಇದೆ. ಕ್ರಿಸ್ತ ಒಂದು ಕೈಯಲ್ಲಿ ಆದಾಮನನ್ನು, ಇನ್ನೊಂದರಲ್ಲಿ ಹವ್ವಳನ್ನು ಗೋರಿಯಿಂದ ಎಳೆಯುತ್ತಿದ್ದಾನೆ. ಹಿಡಿದಿರುವುದು ಅಂಗೈ ಅಲ್ಲ, ಮಣಿಕಟ್ಟು. ಅಂಗೈ ಹಿಡಿದರೆ ಎರಡೂ ಕಡೆಯಿಂದ ಹಿಡಿತ ಬೇಕು. ಮಣಿಕಟ್ಟು ಹಿಡಿದರೆ ಎಳೆಯುವವನ ಬಲ ಒಂದೇ ಸಾಕು. ಸತ್ತವನಿಗೆ ಹಿಡಿದುಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ನಂಬಿಕೆ ಸಾಲಲಿಲ್ಲ ಎಂದು ಹೇಳಿಹೋದವರಿಗೆ ಈ ಚಿತ್ರ ತೋರಿಸಬೇಕಿತ್ತು.

ನೈಟ್_ಡ್ಯೂಟಿ:
ಮಣಿಕಟ್ಟು! ನಾವು ನಾಡಿ ನೋಡುವ ಜಾಗ ಅದು. ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತಿದ್ದೆ.

ನಾನು ನರ್ಸ್, ಹದಿನಾಲ್ಕು ವರ್ಷ ಆಯಿತು. ಲಾಜರನ ಹೆಸರು ನಮ್ಮ ಕೆಲಸದಲ್ಲೂ ಇದೆ. ಎದೆ ಒತ್ತಿ ಒತ್ತಿ, ಏನೂ ಆಗದೆ, ಸಿಪಿಆರ್ ನಿಲ್ಲಿಸಿದ ಮೇಲೆ ತೀರಾ ಅಪರೂಪಕ್ಕೆ ಹೃದಯ ತಾನಾಗಿ ಬಡಿಯಲು ಶುರುಮಾಡುತ್ತದೆ. 1982ರಲ್ಲಿ ಮೊದಲು ವರದಿಯಾಯಿತು. 1993ರಲ್ಲಿ ಅದಕ್ಕೆ ಲಾಜರನ ಹೆಸರು ಬಿತ್ತು. ಅದಕ್ಕೇ ನಿಲ್ಲಿಸಿದ ತಕ್ಷಣ ಸತ್ತರು ಎಂದು ಹೇಳಬೇಡಿ, ಹತ್ತು ನಿಮಿಷವಾದರೂ ಮಾನಿಟರ್ ನೋಡಿ ಅನ್ನುತ್ತಾರೆ. ಹಾಗಂತ ಇದನ್ನು ಬೈಬಲ್ಲಿನ ಕಥೆಗೆ ಜೋಡಿಸಬೇಡಿ. ಇದು ನಿಮಿಷಗಳ ಮಾತು. ಅಲ್ಲಿ ನಾಲ್ಕು ದಿನ. ನಾಲ್ಕು ದಿನದ ಹೆಣ ಹೇಗಿರುತ್ತದೆ ಅಂತ ನನಗೆ ಗೊತ್ತು. ಮಾರ್ಥ ಹೇಳಿದ್ದು ಸರಿ.

ನಾನು ಬರೆಯಬೇಕು ಅಂದುಕೊಂಡದ್ದು ಬೇರೆ. ಜೀವ ಹೋದ ಮೇಲೆ ಮೈ ಸೆಟೆದುಕೊಳ್ಳುವ ಮುಂಚೆ ನಾವು ಒಂದಷ್ಟು ಕೆಲಸ ಮಾಡಬೇಕು. ಕಣ್ಣು ಮುಚ್ಚಬೇಕು. ಬಾಯಿ ತೆರೆದು ನಿಲ್ಲದ ಹಾಗೆ ಗದ್ದದ ಕೆಳಗಿಂದ ನೆತ್ತಿಗೆ ಬ್ಯಾಂಡೇಜ್ ಬಟ್ಟೆ ಸುತ್ತಿ ಕಟ್ಟಬೇಕು. ಕಾಲಿನ ಎರಡೂ ಹೆಬ್ಬೆರಳು ಸೇರಿಸಿ ಕಟ್ಟಬೇಕು. ಕೈಗಳನ್ನೂ. ಲಾಜರ ಹೊರಗೆ ಬಂದದ್ದೂ ಹಾಗೇ ಅಲ್ವಾ? ಕೈಕಾಲಿಗೆ ಪಟ್ಟಿ, ಮುಖಕ್ಕೆ ಬಟ್ಟೆ. ಯೇಸು ಹೆಸರು ಹಿಡಿದು ಜೋರಾಗಿ ಕರೆದರು, ಅವನು ಬಂದ. ಕಟ್ಟು ಮಾತ್ರ ತಾವು ಬಿಚ್ಚಲಿಲ್ಲ. ಅವನನ್ನು ಬಿಚ್ಚಿರಿ, ಹೋಗಲಿ ಬಿಡಿ ಎಂದು ಅಲ್ಲಿದ್ದವರಿಗೆ ಹೇಳಿದರು. ಕಟ್ಟುವ ಕೆಲಸ ನಾವು ಎಷ್ಟೋ ಸಲ ಮಾಡಿದ್ದೇವೆ. ಬಿಚ್ಚುವ ಕೆಲಸಕ್ಕೆ ಒಮ್ಮೆಯೂ ಯಾರೂ ಕರೆದಿಲ್ಲ.

ಗಂಟೆಕಂಬ:
ಸಿಸ್ಟರ್, ನೀವು ಹೇಳಿದ ಬಟ್ಟೆಯಲ್ಲೇ ಮಳೆಮನೆ ಅವರ ಎರಡನೇ ಪ್ರಶ್ನೆಗೆ ಉತ್ತರ ಇದೆ. ನಾನು ಮಕ್ಕಳಿಗೆ ಹೇಳುವುದು ಹೀಗೆ.

ಲಾಜರ ಹೊರಗೆ ಬಂದಾಗ ಮೈಮೇಲೆ ಹೆಣದ ಬಟ್ಟೆ ಇತ್ತು. ಇನ್ನೊಬ್ಬರು ಬಿಚ್ಚಬೇಕಾಯಿತು. ಅದೇ ಪುಸ್ತಕದ 20ನೇ ಅಧ್ಯಾಯಕ್ಕೆ ಬನ್ನಿ. ಪೇತ್ರ ಯೇಸುಸ್ವಾಮಿಯ ಗೋರಿಯ ಒಳಗೆ ಹೋಗಿ ನೋಡಿದರೆ ನಾರುಬಟ್ಟೆ ಅಲ್ಲೇ ಬಿದ್ದಿದೆ. ತಲೆಗೆ ಸುತ್ತಿದ ಬಟ್ಟೆ ಬೇರೆ ಕಡೆ ಸುತ್ತಿ ಇಟ್ಟಿದೆ. ಯಾರೂ ಬಿಚ್ಚಲಿಲ್ಲ. ಲಾಜರನಿಗೆ ಆ ಬಟ್ಟೆ ಇನ್ನೊಮ್ಮೆ ಬೇಕಾಗುತ್ತದೆ. ಯೇಸುಸ್ವಾಮಿಗೆ ಇನ್ನು ಬೇಡ. ಎರಡೂ ಕಡೆ ಮುಖದ ಬಟ್ಟೆಗೆ ಗ್ರೀಕಿನಲ್ಲಿ ಒಂದೇ ಪದ ಅಂತ ನಮ್ಮ ಫಾದರ್ ಒಮ್ಮೆ ಹೇಳಿದ್ದರು. ಗ್ರೀಕ್_ಮರೆತವ ಹೇಳಲಿ.

ಗ್ರೀಕ್_ಮರೆತವ:
ಹೌದು, ಸುದಾರಿಯೊನ್. ಬೆವರು ಒರೆಸುವ ಚೌಕ ಅನ್ನಬಹುದು.

ಯೋಹಾನ ಯೇಸುವಿನ ಅದ್ಭುತಗಳನ್ನು ಸೂಚಕಕಾರ್ಯ ಅನ್ನುತ್ತಾನೆ. ಸೂಚಕ ಅಂದರೆ ದಾರಿಯಲ್ಲಿ ನೆಟ್ಟ ಬೋರ್ಡು. ಹುಬ್ಬಳ್ಳಿ 20 ಕಿ.ಮೀ. ಎಂದು ಬರೆದ ಬೋರ್ಡಿನ ಹತ್ತಿರ ಇಳಿದು, ಇಲ್ಲಿ ಊರೇ ಇಲ್ಲವಲ್ಲ ಅಂದರೆ ಹೇಗೆ? ಲಾಜರ ಆ ಬೋರ್ಡು. ಮತ್ತೆ ಸತ್ತ, ಹೌದು. ಸತ್ತದ್ದಕ್ಕೇ ಅವನು ಬೋರ್ಡು.

ಆ ಬೋರ್ಡು ನೆಟ್ಟದ್ದಕ್ಕೆ ಬೆಲೆಯೂ ಕೊಡಬೇಕಾಯಿತು. ಲಾಜರ ಎದ್ದ ಸುದ್ದಿ ಕೇಳಿಯೇ ಮುಖ್ಯಯಾಜಕರು ಸಭೆ ಸೇರಿ ಯೇಸುವನ್ನು ಕೊಲ್ಲಲು ತೀರ್ಮಾನಿಸುತ್ತಾರೆ. ಮುಂದಿನ ಅಧ್ಯಾಯದಲ್ಲಿ ಲಾಜರನನ್ನೂ ಕೊಂದುಬಿಡೋಣ ಎಂದು ಮಾತಾಡುತ್ತಾರೆ. ಪಾಪ, ಈಗತಾನೆ ಎದ್ದು ಬಂದವನು!

ಇನ್ನೊಂದು ಪದ. ಮರಿಯ ಅಳುವುದನ್ನು ನೋಡಿ ಯೇಸು ನೊಂದುಕೊಂಡ ಎಂದು ನಾವು ಕನ್ನಡದಲ್ಲಿ ಓದುತ್ತೇವೆ. ಮೂಲದಲ್ಲಿರುವ ಎಂಬ್ರಿಮಾಓಮಾಯ್ ಅನ್ನುವುದು ಸಿಟ್ಟಿನ ಪದ. ಹಳೇ ಗ್ರೀಕಿನಲ್ಲಿ ಕುದುರೆ ಮೂಗಿನಿಂದ ಬುಸ್ ಅನ್ನುವುದಕ್ಕೆ ಹಾಗೆ ಹೇಳುತ್ತಿದ್ದರು. ಲೂಥರನ ಜರ್ಮನ್ ಬೈಬಲ್ಲಿನಲ್ಲೂ ಕೋಪಗೊಂಡ ಎಂದೇ ಇದೆ. ಯಾರ ಮೇಲೆ ಕೋಪ? ಪಂಡಿತರು ಇನ್ನೂ ಜಗಳವಾಡುತ್ತಿದ್ದಾರೆ. ಸಾವಿನ ಮೇಲೆ ಅಂತ ಓದುವವರ ಗುಂಪಿಗೆ ನಾನು ಸೇರಿದವನು. ಆಮೇಲೆ ಕಣ್ಣೀರು. ಉಳಿದವರದು ಗೋಳಾಟ, ಅದಕ್ಕೆ ಬೇರೆ ಪದ ಇದೆ. ಇವನದು ಸದ್ದಿಲ್ಲದ ಕಣ್ಣೀರು. ಇನ್ನೈದು ನಿಮಿಷದಲ್ಲಿ ಎಬ್ಬಿಸುತ್ತೇನೆ ಅಂತ ಗೊತ್ತಿದ್ದೂ ಅತ್ತ.

ಅರ್ಧನಾಸ್ತಿಕ:
ಆ ಕುದುರೆಯ ಮಾತು ನನಗೆ ಗೊತ್ತಿರಲಿಲ್ಲ. ಕಥೆ ನಡೆದಿದೆಯೋ ಇಲ್ಲವೋ, ಬರೆದವನು ಸಾವಿನ ಮನೆ ನೋಡಿದವನೇ. ಅಷ್ಟನ್ನು ಒಪ್ಪುತ್ತೇನೆ.

ಕಡಲಾಚೆ:
ನಾನು ಸೈಪ್ರಸ್ಸಿನ ಲಾರ್ನಾಕಾದಲ್ಲಿ ಆರು ವರ್ಷ ವಯಸ್ಸಾದವರನ್ನು ನೋಡಿಕೊಳ್ಳುವ ಕೆಲಸ ಮಾಡಿದೆ. ಲಾಜರ ಆಮೇಲೆ ಏನಾದ ಅಂತ ಕೇಳುವವರು ಅಲ್ಲಿಗೆ ಹೋಗಬೇಕು. ಕೊಲ್ಲುತ್ತಾರೆ ಎಂದು ಹೆದರಿ ಅವನು ಹಡಗು ಹತ್ತಿ ಅಲ್ಲಿಗೆ ಬಂದ, ಬಿಷಪ್ ಆದ, ಇನ್ನೂ ಮೂವತ್ತು ವರ್ಷ ಬದುಕಿದ ಎಂದು ಅಲ್ಲಿಯವರ ನಂಬಿಕೆ. 890ರಲ್ಲಿ ಅವನ ಗೋರಿ ಸಿಕ್ಕಿತಂತೆ. ಚಕ್ರವರ್ತಿ 6ನೇ ಲಿಯೋ ಎಲುಬುಗಳನ್ನು ಕಾನ್‌ಸ್ಟಾಂಟಿನೋಪಲ್‌ಗೆ ತೆಗೆದುಕೊಂಡು ಹೋಗಿ, ಬದಲಿಗೆ ಅಲ್ಲಿ ಚರ್ಚು ಕಟ್ಟಿಸಿದ. 1972ರಲ್ಲಿ ರಿಪೇರಿ ಮಾಡುವಾಗ ಪೀಠದ ಕೆಳಗೆ ಕಲ್ಲಿನ ಪೆಟ್ಟಿಗೆಯಲ್ಲಿ ಮನುಷ್ಯರ ಎಲುಬು ಸಿಕ್ಕವು. ಪೂರ್ತಿ ತೆಗೆದುಕೊಂಡು ಹೋಗಿರಲಿಲ್ಲ ಅನ್ನುತ್ತಾರೆ. ಚರ್ಚಿನ ಒಳಗಿಂದ ಮೆಟ್ಟಿಲಿಳಿದರೆ ಆ ನೆಲಮಾಳಿಗೆ. ತಗ್ಗು ಚಾವಣಿ, ತಣ್ಣಗಿನ ಕಲ್ಲು. ಎರಡನೇ ಸಾವಿನ ಗೋರಿ ಅದು. ಬೇಥಾನ್ಯದಲ್ಲಿರುವುದು ಮೊದಲನೆಯದು. ಆ ಊರಿನ ಈಗಿನ ಅರಬಿ ಹೆಸರು ಅಲ್-ಐಜರಿಯಾ, ಲಾಜರನ ಹೆಸರೇ ಊರಿಗೆ ಅಂಟಿಕೊಂಡಿದೆ. ಎರಡು ಗೋರಿ ಇರುವ ಮನುಷ್ಯ!

ಅಲ್ಲಿ ನಾನು ನೋಡಿಕೊಳ್ಳುತ್ತಿದ್ದ ಅಜ್ಜಿ ಹೇಳಿದ ಕಥೆ ಇದು, ಅಲ್ಲಿ ಎಲ್ಲರಿಗೂ ಗೊತ್ತಿರುವಂಥದ್ದೇ. ಎದ್ದು ಬಂದ ಮೇಲೆ ಲಾಜರ ಮೂವತ್ತು ವರ್ಷ ನಗಲಿಲ್ಲವಂತೆ. ಆ ನಾಲ್ಕು ದಿನದಲ್ಲಿ ಪಾತಾಳದಲ್ಲಿ ಕಂಡದ್ದು ಹಾಗಿತ್ತು. ಒಂದೇ ಒಂದು ಸಲ ನಕ್ಕ. ಸಂತೆಯಲ್ಲಿ ಒಬ್ಬ ಮಣ್ಣಿನ ಗಡಿಗೆ ಕದಿಯುತ್ತಿದ್ದ. ಅದನ್ನು ನೋಡಿ, "ಮಣ್ಣು ಮಣ್ಣನ್ನು ಕದಿಯುತ್ತಿದೆ" ಎಂದು ನಕ್ಕನಂತೆ.

ಈಸ್ಟರಿಗೆ ಎಂಟು ದಿನ ಮುಂಚೆ ಲಾಜರನ ಶನಿವಾರ. ಅವನ ಚಿತ್ರಪಟವನ್ನು ಬೀದಿಯಲ್ಲಿ ಮೆರವಣಿಗೆ ಮಾಡುತ್ತಾರೆ. ನಮ್ಮ ರಥಬೀದಿಯ ಹಾಗೆಯೇ ಜನ. ಅಜ್ಜಿ ಹಿಟ್ಟು ನಾದಿ ಮನುಷ್ಯನ ಆಕಾರದ ಪುಟ್ಟ ಸಿಹಿ ಬ್ರೆಡ್ ಮಾಡುತ್ತಿದ್ದರು. ಎದೆಯ ಮೇಲೆ ಕೈ ಕಟ್ಟಿದ ಹೆಣ, ಕಣ್ಣಿಗೆ ಎರಡು ಲವಂಗ. ಮಕ್ಕಳು ಮೊದಲು ತಲೆ ಕಚ್ಚುತ್ತಿದ್ದವು.

ಮುಂಬೈ_ಲೋಕಲ್:
ದೇಹದ ಮಾತು ಬಂದದ್ದಕ್ಕೆ ಒಂದು ಕೇಳಲೇ? ನನ್ನ ಮಾವನನ್ನು ಇಲ್ಲಿ ಸುಟ್ಟರು. ಸಿಮೆಟ್ರಿಯಲ್ಲಿ ಜಾಗದ್ದೇ ಸಮಸ್ಯೆ. ಊರಿನ ಅತ್ತೆ ಇನ್ನೂ ಗೊಣಗುತ್ತಾರೆ, ಸುಟ್ಟವರು ಹೇಗೆ ಎದ್ದಾರು ಅಂತ.

ಗಂಟೆಕಂಬ:
ಅತ್ತೆಗೆ ಲಿಯೋನ್ ಪಟ್ಟಣದ ಕಥೆ ಹೇಳಿ. ಈಗಿನ ಫ್ರಾನ್ಸ್. 177ರಲ್ಲಿ ಅಲ್ಲಿ ಕ್ರೈಸ್ತರನ್ನು ಹಿಂಸಿಸಿ ಕೊಂದರು. ಇವರು ಮತ್ತೆ ಏಳುತ್ತೇವೆ ಎಂದು ನಂಬಿದ್ದಾರೆ, ಏಳುವುದನ್ನು ನೋಡೇಬಿಡೋಣ ಎಂದು ಹೆಣಗಳನ್ನು ಸುಟ್ಟು ಬೂದಿಯನ್ನು ರೋನ್ ನದಿಗೆ ಗುಡಿಸಿದರು. ಉಳಿದ ಕ್ರೈಸ್ತರು ಅದಕ್ಕೆ ನಂಬಿಕೆ ಬಿಡಲಿಲ್ಲ. ಮಣ್ಣಿನಿಂದ ಮಾಡಿದವನಿಗೆ ಬೂದಿ ದೊಡ್ಡ ಕಷ್ಟವೇ?

1963ರಿಂದ ಕಥೋಲಿಕರಿಗೆ ಸುಡಲು ಅನುಮತಿ ಇದೆ. 2016ರಲ್ಲಿ ವ್ಯಾಟಿಕನ್ ಇನ್ನೊಂದು ಸೂಚನೆ ಕೊಟ್ಟಿತು. ಬೂದಿಯನ್ನು ಗಾಳಿಗೆ ತೂರಬೇಡಿ, ನೀರಿಗೆ ಬಿಡಬೇಡಿ, ಸಿಮೆಟ್ರಿಯಂಥ ಪವಿತ್ರ ಜಾಗದಲ್ಲಿಡಿ ಅಂತ. ಹೂಳುವುದೇ ಮೇಲು ಅನ್ನುತ್ತದೆ ಸಭೆ, ಆದರೆ ಸುಟ್ಟರೆ ದೇವರ ಕೈ ಕಟ್ಟಿಹೋಗುತ್ತದೆ ಅನ್ನುವುದಿಲ್ಲ.

ಧಾರವಾಡ_ಫೇಡಾ:
ಎಂಥ ದೇಹದಲ್ಲಿ ಏಳುತ್ತಾರೆ ಅಂತ ಕೊರಿಂಥ ಊರಿನ ಕ್ರೈಸ್ತರೂ ಕೇಳಿದ್ದರು. ಪೌಲ ಮೊದಲು ಬೈದ, ಮೂಢಾ ಅಂತ. ಆಮೇಲೆ ರೈತನ ಹಾಗೆ ಉತ್ತರ ಕೊಟ್ಟ. ನೀನು ಬಿತ್ತುವುದು ಬರೀ ಕಾಳು. ಬರುವುದು ಪೈರು. ಜೋಳದ ಕಾಳನ್ನೇ ನೋಡಿದವನಿಗೆ ತೆನೆ ಹೇಗಿರುತ್ತದೆ ಅಂತ ಊಹಿಸಲು ಬರುತ್ತದೆಯೇ? ಆದರೆ ಜೋಳ ಬಿತ್ತಿದಲ್ಲಿ ಜೋಳವೇ ಬರುತ್ತದೆ.

ಸಂತ ಅಗಸ್ಟೀನ ಇನ್ನೂ ಮುಂದೆ ಹೋಗಿ, ಎಲ್ಲರೂ ಸುಮಾರು ಮೂವತ್ತರ ಪ್ರಾಯದಲ್ಲಿ ಏಳುತ್ತಾರೆ ಎಂದು ಲೆಕ್ಕ ಹಾಕಿದ್ದ. ಆ ಲೆಕ್ಕ ಸರಿಯಾದರೆ ಮಳೆಮನೆ ಅಕ್ಕನ ಅಪ್ಪನಿಗೆ ಕನ್ನಡಕ ಬೇಕಾಗುವುದಿಲ್ಲ. ಆದರೆ ಯೇಸು ಎದ್ದಾಗ ಮೊಳೆಯ ಗಾಯ ಹಾಗೇ ಇತ್ತು, ಶಿಷ್ಯ ತೋಮನಿಗೆ ಮುಟ್ಟಿ ನೋಡು ಅಂದ. ಹಾಗಾಗಿ ಯಾವುದು ಉಳಿಯುತ್ತದೆ, ಯಾವುದು ಹೋಗುತ್ತದೆ ಅಂತ ನಾನು ಬಾಜಿ ಕಟ್ಟಲಾರೆ.

ಜೀವಜಲ:
ನಿನ್ನೆ ಅರ್ಧನಾಸ್ತಿಕ ಅವರಿಗೆ ಬಿರುಸಾಗಿ ಬರೆದದ್ದಕ್ಕೆ ಕ್ಷಮೆ ಇರಲಿ. ಎಲೀಷ ಕಾಯಿಲೆಯಿಂದ ಸತ್ತದ್ದನ್ನು ನಾನು ಓದಿದ್ದೆ, ಹೀಗೆ ಯೋಚಿಸಿರಲಿಲ್ಲ. ನಾನು ಪ್ರಾರ್ಥನೆ ಬಿಡುವುದಿಲ್ಲ, ಎದ್ದೇಳಿ ಎಂದೇ ಕೇಳುತ್ತೇನೆ. ಮೂರು ದಿನ ಅಂತ ಗಡುವು ಹೇಳುವುದು ಮಾತ್ರ ನಮ್ಮ ಕೆಲಸ ಅಲ್ಲ. ಅಕ್ಕ, ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ಹೇಳಿ.

ಮಳೆಮನೆ:
ಎಲ್ಲವನ್ನೂ ಎರಡೆರಡು ಸಲ ಓದಿದೆ. ಒಬ್ಬೊಬ್ಬರಿಗೂ ಬೇರೆ ಬೇರೆ ಉತ್ತರ ಬರೆಯಲು ಆಗುತ್ತಿಲ್ಲ.

ನೈಟ್_ಡ್ಯೂಟಿ ಅಕ್ಕ, ನಿಮ್ಮದನ್ನು ಓದಿದಾಗ ಒಂದು ನೆನಪಾಯಿತು. ಅಪ್ಪನ ಗದ್ದಕ್ಕೂ ಆಸ್ಪತ್ರೆಯಲ್ಲಿ ಬಟ್ಟೆ ಕಟ್ಟಿ ಕಳಿಸಿದ್ದರು. ಮನೆಗೆ ತಂದ ಮೇಲೆ ಚಿಕ್ಕಪ್ಪ, ಇನ್ನು ಬಿಚ್ಚಬಹುದು, ಫೋಟೋಗೆ ಚೆನ್ನಾಗಿ ಕಾಣಲ್ಲ ಅಂದರು. ಯಾರೂ ಮುಂದೆ ಬರಲಿಲ್ಲ. ಬಿಚ್ಚಿದ್ದು ನಾನು. ಗಂಟು ಬಿಗಿದುಕೊಂಡಿತ್ತು, ಉಗುರಿನಲ್ಲಿ ಎಳೆದು ಎಳೆದು ಬಿಡಿಸಿದೆ. ಕೆನ್ನೆಯ ಮೇಲೆ ಬಟ್ಟೆಯ ಗುರುತು ಹಾಗೇ ಉಳಿದಿತ್ತು. ಆ ಬಟ್ಟೆಯನ್ನು ಎಲ್ಲಿಟ್ಟೆ ಅಂತ ನೆನಪಿಲ್ಲ.

ನಿನ್ನೆ ರಾತ್ರಿ ಇದನ್ನೆಲ್ಲ ಅಮ್ಮನಿಗೆ ಓದಿ ಹೇಳಿದೆ. ಮಾರ್ಥಳ ನಾತದ ಮಾತು ಬಂದಾಗ, "ಮತ್ತೆ, ಮನೆ ನೋಡಿಕೊಳ್ಳುವವಳು ಅವಳೇ ಅಲ್ವಾ" ಎಂದಳು. ಮೂವತ್ತರ ಪ್ರಾಯದಲ್ಲಿ ಏಳುತ್ತಾರಂತೆ, ಕನ್ನಡಕ ಬೇಡವಂತೆ ಅಂದೆ. ಅಮ್ಮ ಬೀನ್ಸ್ ನಾರು ತೆಗೆಯುತ್ತಿದ್ದಳು. ತಲೆ ಎತ್ತಲಿಲ್ಲ.

"ಬೇಡದಿದ್ದರೆ ಅವತ್ತು ಅವರೇ ಬಿಸಾಕಲಿ. ಬೇಕಾದರೆ ಎಲ್ಲಿ ಹುಡುಕುತ್ತಾರೆ?"